ಬಿಟ್ಟುಕೊಟ್ಟಿದ್ದೇನೋ ಸರಿ, ಯಾರಿಗೆ?

ತೈವಾನ್ ಯಾರದ್ದು? ಜಪಾನಿನ ಉತ್ತರಕ್ಕಿರುವ ಕುರಿಲ್ ದ್ವೀಪಗಳು ಯಾರವು? ದಕ್ಷಿಣ ಚೀನಾ ಸಮುದ್ರದ ಸ್ಪ್ರಾಟ್ಲಿ ದ್ವೀಪಗಳು ಯಾರ ಪಾಲು? ಪೆಸಿಫಿಕ್‌ನ ಈ ಮೂರೂ ತಕರಾರುಗಳ ಹಿನ್ನೆಲೆ ಹುಡುಕಿದರೆ ಒಂದೇ ಕಾಗದ ಕೈಗೆ ಸಿಗುತ್ತದೆ. 1951ರ ಸೆಪ್ಟೆಂಬರ್ 8ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನಿನ ಜೊತೆ ಸಹಿಯಾದ ಶಾಂತಿ ಒಪ್ಪಂದ ಅದು.

ಅದರ 2ನೇ ವಿಧಿಯಲ್ಲಿ ಜಪಾನ್ ಈ ಎಲ್ಲ ಜಾಗಗಳ ಮೇಲಿನ ಹಕ್ಕು ಬಿಟ್ಟುಕೊಡುತ್ತದೆ. ಆದರೆ ಯಾರಿಗೆ ಅಂತ ಎಲ್ಲೂ ಬರೆದಿಲ್ಲ. ಕ್ರಯಪತ್ರದಲ್ಲಿ ಮಾರಿದವನ ಸಹಿ ಇದೆ, ಕೊಂಡವನ ಹೆಸರಿನ ಜಾಗ ಖಾಲಿ ಅನ್ನೋ ಹಾಗೆ.

ಇದು ಮರೆವಿನಿಂದ ಆದದ್ದಲ್ಲ. ತೈವಾನನ್ನು ಚೀನಾಕ್ಕೆ ಮರಳಿಸುವುದಾಗಿ ಅಮೆರಿಕ, ಬ್ರಿಟನ್, ಚೀನಾ ನಾಯಕರು 1943ರ ಕೈರೋ ಘೋಷಣೆಯಲ್ಲೇ ಹೇಳಿದ್ದರು. ಅಷ್ಟರಲ್ಲಿ 1949 ಬಂತು. ಅಂತರ್ಯುದ್ಧ ಗೆದ್ದ ಕಮ್ಯುನಿಸ್ಟ್ ಮಾವೋ ಬೀಜಿಂಗ್‌ನಲ್ಲಿ, ಸೋತ ಚಿಯಾಂಗ್ ಕೈ ಶೇಕ್ ತೈವಾನಿನ ತೈಪೆಯಲ್ಲಿ, ಒಟ್ಟು ಎರಡು ಸರ್ಕಾರ. ಬ್ರಿಟನ್ ಬೀಜಿಂಗನ್ನು ಒಪ್ಪಿಕೊಂಡಿತು, ಅಮೆರಿಕ ತೈಪೆಯನ್ನು ಬಿಡಲಿಲ್ಲ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಬೇರೆ ಶುರುವಾಯಿತು. ಕೊನೆಗೆ ಎರಡೂ ಚೀನಾಗಳನ್ನು ಕರೆಯದೇ ಸಮ್ಮೇಳನ ನಡೆಸಿಬಿಟ್ಟರು! ಜಪಾನಿನ ಕೈಯಲ್ಲಿ ಎಲ್ಲರಿಗಿಂತ ಜಾಸ್ತಿ ನೊಂದ ದೇಶಕ್ಕೇ ಕುರ್ಚಿ ಇಲ್ಲ. ಕೊರಿಯಾಕ್ಕೂ ಇರಲಿಲ್ಲ. ಕುರಿಲ್ ದ್ವೀಪಗಳಲ್ಲಿ ಆಗಲೇ ಸೋವಿಯತ್ ಸೈನ್ಯ ಕೂತಿತ್ತು, ಆದರೂ ಸೋವಿಯತ್ ಹೆಸರನ್ನು ಒಪ್ಪಂದದಲ್ಲಿ ಬರೆಯಲು ಅಮೆರಿಕಕ್ಕೆ ಮನಸ್ಸಿರಲಿಲ್ಲ.

ಈ ಒಪ್ಪಂದದ ಕರಡಿನ ಹಿಂದಿದ್ದವರು ಅಮೆರಿಕದ ರಾಜತಾಂತ್ರಿಕ ಜಾನ್ ಫಾಸ್ಟರ್ ಡಲ್ಲೆಸ್. ಸೋತ ಜಪಾನನ್ನು ಹಿಂಡುವ ಬದಲು ಅಮೆರಿಕದ ಕಡೆಗೆ ಎಳೆದುಕೊಳ್ಳಬೇಕು ಎನ್ನುವುದು ಅವರ ಲೆಕ್ಕ. ಆಸ್ಟ್ರೇಲಿಯಾಕ್ಕೆ ಇದು ಗಂಟಲಲ್ಲಿ ಇಳಿಯಲಿಲ್ಲ. ಡಾರ್ವಿನ್ ನಗರದ ಮೇಲೆ ಜಪಾನ್ ಬಾಂಬ್ ಹಾಕಿ ಇನ್ನೂ ಹತ್ತು ವರ್ಷ ಆಗಿರಲಿಲ್ಲ. ನಮಗೆ ರಕ್ಷಣೆಯ ಭರವಸೆ ಬರೆದುಕೊಡಿ ಎಂದು ವಿದೇಶಾಂಗ ಸಚಿವ ಪರ್ಸಿ ಸ್ಪೆಂಡರ್ ಪಟ್ಟು ಹಿಡಿದರು. ಹಾಗೆ ಹುಟ್ಟಿದ್ದು ಆನ್ಜಸ್ ಒಪ್ಪಂದ. ಸೆಪ್ಟೆಂಬರ್ 1ರಂದು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕ ಸಹಿ ಹಾಕಿದವು. ಬ್ರಿಟನ್ ಹೊರಗೇ ಉಳಿಯಿತು. ಬ್ರಿಟನ್ನಿನ ರಾಜನನ್ನೇ ತಮ್ಮ ರಾಜ ಎನ್ನುತ್ತಿದ್ದ ಎರಡು ದೇಶಗಳು ಲಂಡನ್ನನ್ನು ಬದಿಗಿಟ್ಟು ವಾಷಿಂಗ್ಟನ್ ಕೈ ಹಿಡಿದವು. ಪೆಸಿಫಿಕ್‌ನಲ್ಲಿ ಯಜಮಾನಿಕೆ ಬದಲಾಯಿತು ಎನ್ನಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸಮ್ಮೇಳನದಲ್ಲಿ ಜಪಾನಿನ ಪ್ರಧಾನಿ ಯೋಶಿದಾ ಉದ್ದನೆಯ ಕಾಗದದ ಸುರುಳಿ ಬಿಚ್ಚುತ್ತಾ ಭಾಷಣ ಓದಿದರು. ಟಾಯ್ಲೆಟ್ ಪೇಪರ್ ಅಂತ ಪತ್ರಕರ್ತರು ನಕ್ಕರಂತೆ. ಸಿಲೋನಿನ (ಈಗಿನ ಶ್ರೀಲಂಕಾ) ಹಣಕಾಸು ಸಚಿವ ಜಯವರ್ಧನೆ ಬುದ್ಧನ ಮಾತು ನೆನಪಿಸಿ, ನಮಗೆ ಯುದ್ಧ ಪರಿಹಾರ ಬೇಡ ಎಂದರು. 48 ದೇಶಗಳು ಮತ್ತು ಜಪಾನ್ ಸಹಿ ಹಾಕಿದವು. ಸೋವಿಯತ್, ಪೋಲೆಂಡ್, ಚೆಕೊಸ್ಲೊವಾಕಿಯಾ ಒಲ್ಲೆ ಎಂದವು. ಅದೇ ದಿನ ಮಧ್ಯಾಹ್ನ ಊರಿನ ಸೇನಾ ಠಾಣೆಯೊಂದರಲ್ಲಿ ಇನ್ನೊಂದು ಕಾಗದ ಸಿದ್ಧವಿತ್ತು. ಅಮೆರಿಕದ ಪಡೆಗಳು ಜಪಾನಿನಲ್ಲೇ ಉಳಿಯುವ ಭದ್ರತಾ ಒಪ್ಪಂದ ಅದು. ಜಪಾನ್ ಪರವಾಗಿ ಯೋಶಿದಾ ಒಬ್ಬರೇ ಸಹಿ ಹಾಕಿದರು.

ಭಾರತ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಲೇ ಇಲ್ಲ. ತೈವಾನ್ ಚೀನಾಕ್ಕೆ ಸೇರಬೇಕು, ಓಕಿನಾವಾ ಇರುವ ರ್‍ಯೂಕ್ಯೂ ದ್ವೀಪಗಳು ಜಪಾನಿಗೆ ಮರಳಬೇಕು ಎಂದು ನೆಹರೂ ಸರ್ಕಾರ ಆಗಸ್ಟ್‌ನಲ್ಲೇ ಅಮೆರಿಕಕ್ಕೆ ಬರೆದಿತ್ತು. ಜಪಾನಿನ ಮೇಲೆ ಸಿಟ್ಟೇನೂ ಇರಲಿಲ್ಲ. 1949ರಲ್ಲೇ ಟೋಕಿಯೋದ ಮಕ್ಕಳ ಪತ್ರಗಳಿಗೆ ಉತ್ತರವಾಗಿ ನೆಹರೂ ಊಎನೋ ಮೃಗಾಲಯಕ್ಕೆ ಇಂದಿರಾ ಎಂಬ ಆನೆ ಕಳಿಸಿದ್ದರು. ಯುದ್ಧದ ಸಮಯದಲ್ಲಿ ಅಲ್ಲಿದ್ದ ಆನೆಗಳನ್ನು ಉಪವಾಸ ಕೆಡವಿ ಸಾಯಿಸಿದ್ದರು. ಇಂದಿರಾ ನಮ್ಮ ಮೈಸೂರು ಸೀಮೆಯದು. ಅದಕ್ಕೆ ಕನ್ನಡ ಬಿಟ್ಟರೆ ಬೇರೇನೂ ತಿಳಿಯದು, ಹಾಗಾಗಿ ಜಪಾನಿ ಮಾವುತರೇ ಕನ್ನಡದ ಅಪ್ಪಣೆಗಳನ್ನು ಕಲಿಯಬೇಕಾಯಿತು! 1952ರ ಜೂನ್ 9ರಂದು ಭಾರತ ಜಪಾನ್ ಜೊತೆ ಬೇರೆಯೇ ಶಾಂತಿ ಒಪ್ಪಂದ ಮಾಡಿಕೊಂಡಿತು, ಪರಿಹಾರವನ್ನೂ ಬಿಟ್ಟುಕೊಟ್ಟಿತು.

ಅಷ್ಟರಲ್ಲಿ, ಏಪ್ರಿಲ್ 28ಕ್ಕೆ, ಸ್ಯಾನ್ ಫ್ರಾನ್ಸಿಸ್ಕೋ ಒಪ್ಪಂದ ಜಾರಿಯಾಗಿ, ಸೋತಾಗಿನಿಂದ ಇದ್ದ ಮಿತ್ರರಾಷ್ಟ್ರಗಳ ಸೇನಾ ಆಡಳಿತ ಮುಗಿದು ಜಪಾನ್ ಸ್ವತಂತ್ರವಾಗಿತ್ತು. ಓಕಿನಾವಾ ಮಾತ್ರ ಅಮೆರಿಕದ ಕೈಯಲ್ಲೇ ಉಳಿಯಿತು. ಅಲ್ಲಿನವರು ಆ ದಿನವನ್ನು ಅವಮಾನದ ದಿನ ಎನ್ನುತ್ತಾರೆ. ದ್ವೀಪ 1972ರಲ್ಲಿ ಜಪಾನಿಗೆ ಮರಳಿತು, ಸೇನಾ ನೆಲೆಗಳು ಹೋಗಲಿಲ್ಲ. ಇತ್ತ ಮಾಸ್ಕೋ ಮತ್ತು ಟೋಕಿಯೋ 1956ರಲ್ಲಿ ಯುದ್ಧಸ್ಥಿತಿ ಮುಗಿಯಿತು ಎಂದು ಘೋಷಿಸಿದವು. ಕುರಿಲ್ ಜಗಳದಿಂದಾಗಿ ಶಾಂತಿ ಒಪ್ಪಂದಕ್ಕೆ ಇವತ್ತಿಗೂ ಸಹಿ ಬಿದ್ದಿಲ್ಲ.