80 ಸಾವಿರದ ಡ್ಯಾಕ್ ಮತ್ತು ಎರಡು ರೂಪಾಯಿಯ ನಾಣ್ಯ

ಗೆಳೆಯನೊಬ್ಬ ಕಳೆದ ದೀಪಾವಳಿಗೆ 80 ಸಾವಿರ ರೂಪಾಯಿ ಕೊಟ್ಟು, ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಒಪ್ಪಿಸುವ ಹೊಸ ಡ್ಯಾಕ್ ತಂದ. ಊಟದ ಡಬ್ಬಿಯಷ್ಟಿರುವ ಅಲ್ಯೂಮಿನಿಯಂ ಪೆಟ್ಟಿಗೆ, ಮುಂದೆ ಒಂದೇ ಒಂದು ಗುಂಡಿ. ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆಯೊಂದನ್ನು ಹಾಕಿ, "ಹಳೆಯದರಲ್ಲಿ ತಂಬೂರಿ ಗೋಡೆಯ ಆಚೆ ಇತ್ತು. ಇದರಲ್ಲಿ ನೋಡು, ಅವರ ಬೆನ್ನ ಹಿಂದೆಯೇ ಕುಳಿತಿದೆ" ಎಂದ. ಕೇಳಿದೆ. ಸುಳ್ಳೇಕೆ ಹೇಳಲಿ, ನನಗೂ ಹಾಗೆಯೇ ಕೇಳಿಸಿತು. ತಂತಿಯ ಜೀವಾಳದ ಝೇಂಕಾರ ಕೋಣೆಯೊಳಗೆ ಒಂದು ಹೆಜ್ಜೆ ಮುಂದೆ ಬಂದಂತಿತ್ತು. ಹಳೆಯ ಏಳು ಸಾವಿರದ ಡ್ಯಾಕ್ ಪಕ್ಕದಲ್ಲಿ ಅವಮಾನಿತನಂತೆ ಕುಳಿತಿತ್ತು.

ಹಾಡಿನ ಅಲೆಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಬರೆದಿಟ್ಟ ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿ ಮಾಡುವ ಚಿಪ್ಪೇ ಡ್ಯಾಕ್. ನಿಮ್ಮ ಮೊಬೈಲಿನಲ್ಲೂ ಒಂದಿದೆ. ಇಷ್ಟು ತಿಳಿದಿದ್ದರೆ ಸಾಕು. ನನ್ನ ಜಗಳವಿರುವುದು ಇದನ್ನು ವಿವರಿಸಲು ಎಲ್ಲರೂ ಬರೆಯುವ ಆ ಮೆಟ್ಟಿಲಿನ ಚಿತ್ರದೊಂದಿಗೆ. ನುಣುಪಾದ ಅಲೆಯೊಂದರ ಮೇಲೆ ಇಟ್ಟಿಗೆ ಜೋಡಿಸಿದಂತೆ ಮೆಟ್ಟಿಲುಗಳು. "ಡಿಜಿಟಲ್ ಎಂದರೆ ಇದೇ, ನಡುವಿನದೆಲ್ಲ ಕಳೆದುಹೋಯಿತು, ಒಳ್ಳೆಯ ಡ್ಯಾಕ್ ಮೆಟ್ಟಿಲನ್ನು ಸಣ್ಣದು ಮಾಡುತ್ತದೆ" ಎಂಬುದು ಅದರ ಪಾಠ. ಈ ಒಂದು ಚಿತ್ರ ಮಾರಿಸಿದಷ್ಟು ಪೆಟ್ಟಿಗೆಗಳನ್ನು ಯಾವ ಜಾಹೀರಾತೂ ಮಾರಿಸಿರಲಾರದು.

ನಡುವಿನದು ಏನೂ ಕಳೆದುಹೋಗಿಲ್ಲ. ಚುಕ್ಕಿ ರಂಗೋಲಿಯನ್ನು ನೆನಪಿಸಿಕೊಳ್ಳಿ. ಅವೇ ಚುಕ್ಕಿಗಳ ಮೇಲೆ ನೂರು ಬಗೆಯ ರಂಗೋಲಿ ಎಳೆಯಬಹುದು, ಒಪ್ಪಿದೆ. ಆದರೆ ಹಿಟ್ಟು ಬಿಡುವ ಕೈಗೆ ಒಂದು ಕಟ್ಟಳೆ ಹಾಕಿ: ಎಳೆ ಎಲ್ಲ ಚುಕ್ಕಿಗಳನ್ನೂ ಮುಟ್ಟಬೇಕು, ಇಂತಿಷ್ಟಕ್ಕಿಂತ ಚುರುಕಾಗಿ ಎಲ್ಲಿಯೂ ಬಳುಕಬಾರದು. ಈಗ ಎಳೆಗೆ ಉಳಿಯುವ ದಾರಿ ಒಂದೇ. ರಂಗೋಲಿ ಬೇಡವೆಂದರೆ ರೈಲು ಹಳಿ ನೋಡಿ. ಹಳಿ ಆಟೋರಿಕ್ಷಾದಂತೆ ತಿರುಗಲಾರದು. ಹಳಿಯ ಪಕ್ಕದಲ್ಲಿ ಸಾಕಷ್ಟು ಹತ್ತಿರ ಹತ್ತಿರ ಗೂಟ ನೆಟ್ಟಿದ್ದರೆ, ಎರಡು ಗೂಟಗಳ ನಡುವೆ ಅದು ನಮ್ಮ ಕಣ್ಣು ತಪ್ಪಿಸಿ ಎಲ್ಲಿಗೂ ಹೋಗಿಬಂದಿರಲು ಸಾಧ್ಯವಿಲ್ಲ. ಶಬ್ದದ ವಿಷಯದಲ್ಲಿ ಚುಕ್ಕಿ ಎಂದರೆ ಅಲೆಯ ಒಂದೊಂದು ಅಳತೆ; ಕಟ್ಟಳೆ ಏನೆಂದರೆ, ಅಲೆಯಲ್ಲಿರುವ ಅತಿ ಹೆಚ್ಚಿನ ಕಂಪನಾಂಕ ಸೆಕೆಂಡಿನ ಚುಕ್ಕಿಗಳ ಲೆಕ್ಕದ ಅರ್ಧಕ್ಕಿಂತ ಕಡಿಮೆಯಿರಬೇಕು. ಸಿಡಿಯಲ್ಲಿ ಸೆಕೆಂಡಿಗೆ 44,100 ಚುಕ್ಕಿ. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ಗೆ ಸುಸ್ತಾಗುತ್ತದೆ. ಡ್ಯಾಕಿನ ಕೊನೆಯಲ್ಲಿರುವ ಫಿಲ್ಟರ್ ಮಾಡುವುದು ಆ ಕಟ್ಟಳೆಯನ್ನು ಜಾರಿಗೆ ತರುವ ಕೆಲಸವನ್ನೇ. ಹೊರಬರುವುದು ಮೆಟ್ಟಿಲಲ್ಲ, ಅಲೆ. ವಿದ್ಯುತ್ತಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇದ್ದವರು ಹಚ್ಚಿ ನೋಡಬಹುದು.

ಇದನ್ನು 1915ರಲ್ಲಿ ಗಣಿತಜ್ಞ ವಿಟ್ಟೇಕರ್ ಗಣಿತವಾಗಿ ಬರೆದರು, 1933ರಲ್ಲಿ ರಷ್ಯಾದ ಕೊಟೆಲ್ನಿಕೋವ್ ಮತ್ತೆ ಕಂಡುಕೊಂಡರು, 1949ರಲ್ಲಿ ಶಾನನ್ ಸಂವಹನ ಶಾಸ್ತ್ರದ ಅಡಿಗಲ್ಲಾಗಿಸಿದರು. ಇನ್ನು 44,100 ಎಂಬ ವಿಚಿತ್ರ ಸಂಖ್ಯೆಯ ಹಿಂದೆ ಸಂಗೀತದ ರಹಸ್ಯವೇನೂ ಇಲ್ಲ. ಸಿಡಿ ರೂಪುಗೊಳ್ಳುವ ಹೊತ್ತಿಗೆ ಡಿಜಿಟಲ್ ಧ್ವನಿಯನ್ನು ತುಂಬಿಡುತ್ತಿದ್ದುದು ವಿಡಿಯೋ ಟೇಪಿನಲ್ಲಿ. ಸೆಕೆಂಡಿಗೆ 60 ಬಾರಿ, ಪ್ರತಿ ಬಾರಿ 245 ಗೆರೆ, ಗೆರೆಗೆ ಮೂರು ಚುಕ್ಕಿ: ಗುಣಿಸಿ ನೋಡಿ. ಯೂರೋಪಿನ ಟಿ.ವಿ. ಪದ್ಧತಿಯಲ್ಲಿ 50, 294, 3. ಎರಡೂ ಕಡೆ ಬರುವುದು ಅದೇ 44,100. ಈ ಲೆಕ್ಕ ಮೊದಲ ಸಲ ತಾಳೆಯಾದಾಗ ನನಗಾದ ಸಂತೋಷಕ್ಕಾಗಿ ಈ ಮಾತು ಇಲ್ಲಿ ಬಂತು, ಕ್ಷಮಿಸಿ.

ಡ್ಯಾಕುಗಳ ನಡುವೆ ವ್ಯತ್ಯಾಸ ಹುಡುಕುವುದು ಎಂದೂ ಮೂರ್ಖತನವೇ ಆಗಿತ್ತು ಎಂದಲ್ಲ. 1982ರಲ್ಲಿ ಬಂದ ಸೋನಿಯ ಮೊದಲ ಸಿಡಿ ಪ್ಲೇಯರಿನಲ್ಲಿ ಎಡ-ಬಲ ಎರಡಕ್ಕೂ ಸೇರಿ ಇದ್ದದ್ದು ಒಂದೇ ಡ್ಯಾಕ್. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ದುಡಿಯುತ್ತಿದ್ದುದರಿಂದ ಒಂದು ಕಿವಿಯ ಶಬ್ದ ಇನ್ನೊಂದಕ್ಕಿಂತ ಸುಮಾರು 11 ಮೈಕ್ರೋಸೆಕೆಂಡ್ ತಡವಾಗುತ್ತಿತ್ತು. ಫಿಲಿಪ್ಸ್ ಬಳಿ ಇದ್ದದ್ದು 14 ಬಿಟ್‌ನ ಚಿಪ್ಪು (ಬಿಟ್ ಹೆಚ್ಚಿದಷ್ಟೂ ಅಳತೆ ಸೂಕ್ಷ್ಮ). ಚುಕ್ಕಿಗಳನ್ನು ನಾಲ್ಕು ಪಟ್ಟು ಹೆಚ್ಚಿಸುವ ಜಾಣತನದಿಂದ ಅದರಿಂದಲೇ ಸಿಡಿಗೆ ಬೇಕಾದ 16 ಬಿಟ್‌ನ ಕೆಲಸ ತೆಗೆಸಿದರು. ಅಂದು ಇವು ಎಂಜಿನಿಯರುಗಳ ನಿದ್ದೆಗೆಡಿಸಿದ ಪ್ರಶ್ನೆಗಳು. ಇಂದು ಸಾಧಾರಣ ಬೆಲೆಯ ಒಳ್ಳೆಯ ಡ್ಯಾಕಿನ ಗದ್ದಲ ಸಂಗೀತದ ಗರಿಷ್ಠ ಮಟ್ಟಕ್ಕಿಂತ 110 ಡೆಸಿಬಲ್ ಕೆಳಗಿರುತ್ತದೆ. ನೀವು 100 ಡೆಸಿಬಲ್‌ನಲ್ಲಿ, ಅಂದರೆ ನೆರೆಯವರು ಬಾಗಿಲು ತಟ್ಟುವಷ್ಟು ಜೋರಾಗಿ ಕೇಳಿದರೂ ಆ ಗದ್ದಲ ಕಿವಿಯ ಹೊಸ್ತಿಲಿಗಿಂತ ಕೆಳಗೇ ಉಳಿಯುತ್ತದೆ. ರಾತ್ರಿ ನಿಶ್ಶಬ್ದವಾಗಿದೆ ಎನಿಸುವ ಕೋಣೆಯಲ್ಲೇ 30 ಡೆಸಿಬಲ್ ಗುಜುಗುಜು ಇರುತ್ತದೆ.

ಹಾಗಾದರೆ ಆ ತಂಬೂರಿ ಮುಂದೆ ಬಂದದ್ದು ಹೇಗೆ?

ಮರುವಾರ ಮಲ್ಟಿಮೀಟರ್ ಹಿಡಿದು ಹೋದೆ. ಅಗ್ಗದ ಮಲ್ಟಿಮೀಟರುಗಳು ಮನೆಯ 50 ಹರ್ಟ್ಸ್ ವಿದ್ಯುತ್ತನ್ನು ಅಳೆಯಲೆಂದೇ ಹುಟ್ಟಿದಂಥವು, ಮೇಲಿನ ಕಂಪನಾಂಕಗಳಲ್ಲಿ ನಂಬುವಂತಿಲ್ಲ. ಹಾಗಾಗಿ 100 ಹರ್ಟ್ಸ್‌ನ ಶುದ್ಧ ಸ್ವರವೊಂದನ್ನು ಎರಡೂ ಡ್ಯಾಕುಗಳಿಂದ ನುಡಿಸಿ ಅಳೆದೆ. ಹಳೆಯದು 2.04 ವೋಲ್ಟ್. ಹೊಸದು 2.29 ವೋಲ್ಟ್. ಲೆಕ್ಕ ಹಾಕಿದರೆ ಸರಿಯಾಗಿ ಒಂದು ಡೆಸಿಬಲ್ ಹೆಚ್ಚು. ಇಷ್ಟು ಸಣ್ಣ ಹೆಚ್ಚಳವನ್ನು ಮಿದುಳು 'ಜೋರು' ಎಂದು ಗುರುತಿಸುವುದಿಲ್ಲ. 'ಸ್ಪಷ್ಟ' ಎನ್ನುತ್ತದೆ, 'ತುಂಬು' ಎನ್ನುತ್ತದೆ, 'ಹತ್ತಿರ' ಎನ್ನುತ್ತದೆ. ಅದೇ ತಿಳಿಸಾರಿನಲ್ಲಿ ಒಂದು ಹರಳು ಉಪ್ಪು ಹೆಚ್ಚು ಬಿದ್ದಾಗ ಉಂಡವರು ಉಪ್ಪನ್ನು ಹೆಸರಿಸದೆ "ಇವತ್ತು ಒಗ್ಗರಣೆ ಚೆನ್ನಾಗಿದೆ" ಎನ್ನುವುದಿಲ್ಲವೇ, ಹಾಗೆ. ಆದ್ದರಿಂದಲೇ ಗಂಭೀರವಾಗಿ ಹೋಲಿಸುವವರು ಎರಡರ ಮಟ್ಟವನ್ನೂ 0.1 ಡೆಸಿಬಲ್ ಒಳಗೆ, ಅಂದರೆ ವೋಲ್ಟಿನಲ್ಲಿ ಶೇಕಡಾ ಒಂದರ ಆಸುಪಾಸಿಗೆ ಸಮ ಮಾಡಿಕೊಳ್ಳುತ್ತಾರೆ. ಅಂಗಡಿಯ ಕೋಣೆಯಲ್ಲಿ ಯಾರೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು ವಿಷಯ ಕಣ್ಣಿನದು: ಯಾವುದು ನುಡಿಯುತ್ತಿದೆಯೆಂದು ಕಂಡರೆ ಕಿವಿಯೂ ಅದರಂತೆ ಕೇಳುತ್ತದೆ. 1784ರಲ್ಲಿ ಪ್ಯಾರಿಸ್ಸಿನಲ್ಲಿ ರೋಗ ವಾಸಿಮಾಡುತ್ತದೆಂದು ವೈದ್ಯ ಮೆಸ್ಮರ್ ಹೇಳುತ್ತಿದ್ದ 'ಪ್ರಾಣಿ ಅಯಸ್ಕಾಂತ ಶಕ್ತಿ'ಯ ಹುಚ್ಚು ಹಬ್ಬಿದ್ದಾಗ, ಅದನ್ನು ಪರೀಕ್ಷಿಸಲು ದೊರೆ ನೇಮಿಸಿದ ತಂಡದಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲವಾಸಿಯೆ ಇದ್ದರು. ಫ್ರಾಂಕ್ಲಿನ್ ಮನೆಯ ತೋಟದಲ್ಲಿ ಒಂದು ಮರಕ್ಕೆ ಮೆಸ್ಮರನ ಶಿಷ್ಯ ಶಕ್ತಿ ತುಂಬಿದ. ಹನ್ನೆರಡು ವರ್ಷದ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ಮರದಿಂದ ಮರಕ್ಕೆ ಕರೆದೊಯ್ದರು. ನಾಲ್ಕನೆಯ ಮರದ ಬಳಿ ಹುಡುಗ ಮೂರ್ಛೆ ಹೋದ. ಶಕ್ತಿ ತುಂಬಿದ್ದ ಮರ ಅದಾಗಿರಲಿಲ್ಲ! ಹುಡುಗ ನಟಿಸಿದ ಎಂದು ನಾನು ಹೇಳಲಾರೆ. ಅವನಿಗೆ ಮೂರ್ಛೆ ನಿಜವಾಗಿಯೇ ಬಂದಿರಬೇಕು. ನನಗೂ ತಂಬೂರಿ ನಿಜವಾಗಿಯೇ ಹತ್ತಿರ ಬಂದಿತ್ತು.

ನಮ್ಮ ತೋಟದ ಪರೀಕ್ಷೆ ಗೆಳೆಯನ ಮನೆಯ ಹಾಲ್‌ನಲ್ಲಿ ನಡೆಯಿತು. ಆಂಪ್ಲಿಫೈಯರಿನ ಮೇಲೆ ಬೆಡ್‌ಶೀಟ್ ಹೊದಿಸಿದೆವು. ಪಿಯುಸಿ ಓದುವ ಅವನ ಮಗಳು ಅವನ ಬೆನ್ನ ಹಿಂದೆ ಕುಳಿತು ಎರಡು ರೂಪಾಯಿ ನಾಣ್ಯ ಚಿಮ್ಮಿ, ಅದು ಹೇಳಿದ ಡ್ಯಾಕನ್ನು ನುಡಿಸಬೇಕು; ಯಾವುದೆಂದು ಗೆಳೆಯ ಹೇಳಬೇಕು. ಸ್ವಿಚ್ಚಿನ 'ಟಿಕ್' ಸದ್ದೇ ಗುಟ್ಟು ಬಿಟ್ಟುಕೊಡಬಾರದೆಂದು ಪ್ರತಿ ಸಲವೂ ಮೂರನೆಯ ಸ್ಥಾನಕ್ಕೆ ತಿರುಗಿಸಿ ಆಮೇಲೆ ಬೇಕಾದಲ್ಲಿಗೆ ತರಬೇಕು. ನಾನು ಅಡುಗೆಮನೆಯಲ್ಲಿ. ಮಟ್ಟ ಸಮ ಮಾಡದೆ ಮೊದಲ ಸುತ್ತು: 16ರಲ್ಲಿ 15 ಸರಿ. ಗೆಳೆಯ ಮೀಸೆ ತಿರುವಿದ. ಆಮೇಲೆ ಹೊಸ ಡ್ಯಾಕಿನ ಗುಂಡಿಯನ್ನು ಅರ್ಧರ್ಧ ಡೆಸಿಬಲ್‌ನ ಎರಡು ಹೆಜ್ಜೆ ಇಳಿಸಿದೆ, ಮೀಟರು 2.04 ತೋರಿಸಿತು. ಎರಡನೆಯ ಸುತ್ತು: ಮೊದಲ ನಾಲ್ಕೂ ಸರಿ. "ನೋಡಿದೆಯಾ?" ಎಂದು ಕೂಗಿದ. ಕೊನೆಗೆ ಎಣಿಸಿದಾಗ 16ರಲ್ಲಿ 9. ಬರೀ ನಾಣ್ಯ ಚಿಮ್ಮಿ ಉತ್ತರ ಹೇಳಿದರೂ 9 ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ 40. ಕನಿಷ್ಠ 12 ಬಂದಿದ್ದರೆ ನಾನು ತಲೆ ಕೆರೆದುಕೊಳ್ಳಬೇಕಿತ್ತು.

ಒಂದು ಹಾಲಿನ ಒಂದು ಸಂಜೆಯನ್ನು ನಂಬಬೇಡಿ. 2007ರಲ್ಲಿ ಮೇಯರ್ ಮತ್ತು ಮೊರಾನ್ ಪ್ರಕಟಿಸಿದ ಪ್ರಯೋಗ ದೊಡ್ಡದು. ಉನ್ನತ ಗುಣಮಟ್ಟದ ಡಿಸ್ಕುಗಳ ಧ್ವನಿಯನ್ನು ಒಮ್ಮೆ ನೇರವಾಗಿ, ಒಮ್ಮೆ ಸಿಡಿ ಮಟ್ಟದ ಅಂಕಿಗಳಿಗೆ ಇಳಿಸಿ ಮತ್ತೆ ಅಲೆಯಾಗಿಸಿ ಕೇಳಿಸಿದರು. ಅಂದರೆ ದಾರಿಯಲ್ಲಿ ಇನ್ನೊಂದು ಇಡೀ ಡ್ಯಾಕನ್ನೇ ತುರುಕಿದರು. 554 ಯತ್ನಗಳಲ್ಲಿ ಸರಿಯಾದ ಉತ್ತರ 276.

ನಿಜವಾಗಿಯೂ ಬೇರೆಯಾಗಿ ಕೇಳಿಸುವ ಡ್ಯಾಕುಗಳೂ ಇವೆ, ಅದು ತಮಾಷೆ. 'ಸಹಜ ನಾದ'ವೆಂದು ಹೊಗಳಿಸಿಕೊಂಡು ಮಾರಾಟವಾಗುವ, ಕೊನೆಯ ಫಿಲ್ಟರನ್ನೇ ಕಿತ್ತುಹಾಕಿದ ಬಗೆಯವು ಸಿಡಿಯ ಧ್ವನಿಯನ್ನು 10,000 ಹರ್ಟ್ಸ್‌ನಲ್ಲಿ ಮುಕ್ಕಾಲು ಡೆಸಿಬಲ್, 20,000ದಲ್ಲಿ ಮೂರು ಡೆಸಿಬಲ್‌ಗೂ ಹೆಚ್ಚು ತಗ್ಗಿಸುತ್ತವೆ. ಮೆಟ್ಟಿಲನ್ನು ಹಾಗೆಯೇ ಹೊರಬಿಡುವ ಪೆಟ್ಟಿಗೆಗಳು ಇವೇ! ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದೊಡನೆ ಗುಂಯ್‌ಗುಡುವ ಡ್ಯಾಕನ್ನು ಗುರುತಿಸಲು ನಾಣ್ಯ ಬೇಕಾಗಿಲ್ಲ. ಅದು ಬಹುಮಟ್ಟಿಗೆ ಅರ್ತಿಂಗಿನ ರಗಳೆ.

ಗೆಳೆಯ ಡ್ಯಾಕನ್ನು ಹಿಂದಿರುಗಿಸಲಿಲ್ಲ. ಗುಂಡಿ ತಿರುಗಿಸುವಾಗ ಬೆಣ್ಣೆಯಂತಿದೆ ಎಂದ. ಆ ಮಾತನ್ನು ನಾನು ಅಲ್ಲಗಳೆಯಲಾರೆ. ಬೆಡ್‌ಶೀಟ್ ಮಡಚುವಾಗ ಅವನ ಸ್ಪೀಕರುಗಳು ಎರಡೂ ಮೂಲೆಗೆ ಅಂಟಿಕೊಂಡಿದ್ದುದು ಕಣ್ಣಿಗೆ ಬಿತ್ತು. ಹಾಲಿನ ಉದ್ದ 12 ಅಡಿ; ಆ ಅಳತೆಯ ಕೋಣೆ 47 ಹರ್ಟ್ಸ್ ಸುಮಾರಿಗೆ ಖಾಲಿ ಬಿಂದಿಗೆಯಂತೆ ಗುಡುಗುತ್ತದೆ, ಮೂಲೆಯ ಸ್ಪೀಕರು ಅದಕ್ಕೆ ಇನ್ನಷ್ಟು ಗಾಳಿ ಹಾಕುತ್ತದೆ. ಇಬ್ಬರೂ ಹಿಡಿದು ಎರಡು ಅಡಿ ಮುಂದಕ್ಕೆ ಎಳೆದು ಅದೇ ಧ್ವನಿಮುದ್ರಿಕೆ ಹಾಕಿದೆವು. ಅರ್ಧ ನಿಮಿಷವೂ ಆಗಿರಲಿಲ್ಲ, ಒಳಕೋಣೆಯಲ್ಲಿ ಹೂ ಕಟ್ಟುತ್ತಿದ್ದ ಅವನ ತಾಯಿ ಬಾಗಿಲಿಗೆ ಬಂದು, "ಏನೋ ಬದಲಾಯಿಸಿದಿರಿ? ಈಗ ತಬಲಾ ಬಿಡಿಬಿಡಿಯಾಗಿ ಕೇಳುತ್ತಿದೆಯಲ್ಲ" ಎಂದರು.