ಪ್ರೆಸ್ಸಿನ ವಿಂಡೋಸ್, ಶಾಲೆಯ ಉಬುಂಟು

ತಮ್ಮನ ಮನೆ ಒಕ್ಕಲಿನ ಆಮಂತ್ರಣ ಪತ್ರಿಕೆಯನ್ನು ಮಗಳೇ ಟೈಪ್ ಮಾಡಿದ್ದಳು. ಅವಳು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಎಂಟನೇ ಕ್ಲಾಸು. ಪೆನ್ ಡ್ರೈವ್ ಹಿಡಿದುಕೊಂಡು ಬದಿಯಡ್ಕದ ಪ್ರೆಸ್ಸಿಗೆ ಹೋದೆವು. ಪ್ರೆಸ್ಸಿನ ಅಣ್ಣ ಅವಳು ಬರೆದದ್ದನ್ನು ಕಾಪಿ ಮಾಡಿ, ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶಕ್ಕೆ ಹಾಕಿದರು. ಪುಟದ ತುಂಬ ಬರೀ ಪ್ರಶ್ನೆ ಚಿಹ್ನೆ! ಅಜ್ಜನ ಹೆಸರಿಲ್ಲ, ಮುಹೂರ್ತವೂ ಇಲ್ಲ.

“ಇದು ಉಬುಂಟುವಿನಲ್ಲಿ ಮಾಡಿದ್ದಲ್ವಾ, ಅದಕ್ಕೇ ಹೀಗೆ” ಎಂದರು ಅವರು. ಮಗಳ ಮುಖ ಸಣ್ಣದಾಯಿತು.

ಉಬುಂಟು ಎಂದರೆ ಅವಳ ಶಾಲೆಯ ಕಂಪ್ಯೂಟರುಗಳಲ್ಲಿ ವಿಂಡೋಸಿನ ಬದಲು ಇರುವ ಆಪರೇಟಿಂಗ್ ಸಿಸ್ಟಂ, ಲಿನಕ್ಸಿನ ಒಂದು ರೂಪ. ಆದರೆ ನಿಜವಾದ ಕಾರಣ ಬೇರೆ. ಮಗಳು ಬರೆದದ್ದು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಗೊತ್ತುಮಾಡಿರುವ ವ್ಯವಸ್ಥೆಯಲ್ಲಿ. ಅಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳಿವೆ, ‘ಕ’ ಎಂದರೆ ಯಾವ ಕಂಪ್ಯೂಟರಿನಲ್ಲೂ ‘ಕ’ವೇ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 2001ರದ್ದು, ಅದಕ್ಕೆ ಯೂನಿಕೋಡ್ ಕನ್ನಡ ತಿಳಿಯದು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಅದರಲ್ಲಿ ಕೆಲಸ ಮಾಡುತ್ತವೆ. ಅಣ್ಣ ಯೂನಿಕೋಡನ್ನು ನುಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ ತೆಗೆದಾಗ ಅಕ್ಷರಗಳು ಬಂದವು. ಎರಡು ಕಡೆ ಒತ್ತು ತಪ್ಪಿತ್ತು, ಅವರೇ ಸರಿಮಾಡಿದರು.

ಹಾಗಾದರೆ ಅವರು ಹಳೆಯದನ್ನೆಲ್ಲ ಬಿಟ್ಟುಬಿಡಬೇಕೇ? ನನಗೆ ಹಾಗೆ ಅನ್ನಿಸುವುದಿಲ್ಲ. ಬ್ರಹ್ಮಕಲಶದ ಸೀಸನ್ನಿನಲ್ಲಿ ಅವರ ಕೈ ನೋಡಬೇಕು. ಕಣ್ಣು ಕಾಗದದ ಮೇಲೆ, ಬೆರಳು ಕೀಲಿಮಣೆಯ ಮೇಲೆ. ವರ್ಷಗಟ್ಟಲೆ ಮಾಡಿದ ಆಮಂತ್ರಣಗಳು, ಯಕ್ಷಗಾನದ ಕರಪತ್ರಗಳು ಆ ಫೈಲುಗಳಲ್ಲೇ ಇವೆ. ಹಳೆಯ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲೂ ನಡೆಯಬೇಕು ಎಂದು ವಿಂಡೋಸ್ ಮೊದಲಿನಿಂದಲೂ ಬಹಳ ಕಾಳಜಿ ವಹಿಸಿದೆ. ಅವರ ದುಡಿಮೆಗೆ ಬೇಕಾದದ್ದು ಅದೇ ಗುಣ.

ಆಪರೇಟಿಂಗ್ ಸಿಸ್ಟಂ ಇರುವುದು ಯಂತ್ರಕ್ಕೂ ತಂತ್ರಾಂಶಕ್ಕೂ ನಡುವೆ. ಪೇಜ್‌ಮೇಕರ್‌ಗೆ ಪ್ರಿಂಟರ್ ಬೇಕಾದರೆ, ಮೆಮೊರಿ ಬೇಕಾದರೆ ಅದು ಸಿಸ್ಟಮನ್ನೇ ಕೇಳಬೇಕು. ವಿಂಡೋಸನ್ನು ಕೇಳುವ ಕ್ರಮ ಒಂದು, ಲಿನಕ್ಸನ್ನು ಕೇಳುವ ಕ್ರಮ ಇನ್ನೊಂದು. ಹಾಗಾಗಿ ಒಂದಕ್ಕೆಂದು ಬರೆದ ತಂತ್ರಾಂಶ ಇನ್ನೊಂದರಲ್ಲಿ ನೇರವಾಗಿ ಓಡುವುದಿಲ್ಲ. ಆಪಲ್ ಕಂಪೆನಿಯ ಮ್ಯಾಕ್ ನಮ್ಮ ಕಡೆ ಕಡಿಮೆ. ಅದರಲ್ಲಿ ಕಾಪಿ ಮಾಡಲು ಒತ್ತುವ ಕಮಾಂಡ್ ಕೀಲಿ ಸ್ಪೇಸ್ ಬಾರಿನ ಪಕ್ಕದಲ್ಲೇ ಇದ್ದು ಹೆಬ್ಬೆರಳಿಗೆ ಸಿಗುತ್ತದೆ. ವಿಂಡೋಸಿನ ಕಂಟ್ರೋಲ್ ಕೀಲಿಗೆ ಕಿರುಬೆರಳು ಮೂಲೆಗೆ ಹೋಗಬೇಕು. ಇಷ್ಟು ಸಣ್ಣ ವ್ಯತ್ಯಾಸಕ್ಕೂ ಕೈ ಒಗ್ಗಲು ದಿನ ಬೇಕು.

ಮಗಳ ಕೈ ಒಗ್ಗಿರುವುದು ಲಿನಕ್ಸಿಗೆ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಶುರುಮಾಡಿದ್ದು ಅದು. ಅದನ್ನು ಹೇಗೆ ಬರೆದಿದ್ದಾರೆ ಎಂದು ಯಾರು ಬೇಕಾದರೂ ತೆಗೆದು ನೋಡಬಹುದು, ತಮಗೆ ಬೇಕಾದಂತೆ ಬದಲಿಸಬಹುದು, ಲೈಸೆನ್ಸಿನ ಖರ್ಚಿಲ್ಲ. ಕೇರಳದ ಶಾಲೆಗಳಿಗೆ ಅಲ್ಲಿನ ಸರಕಾರದ ಕೈಟ್ ಸಂಸ್ಥೆ ಉಬುಂಟುವನ್ನೇ ಆಧರಿಸಿ ತನ್ನದೇ ಆವೃತ್ತಿ ಮಾಡಿಕೊಟ್ಟಿದೆ.

ಅವಳು ಟೈಪ್ ಮಾಡುವುದು ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯ ವಿನ್ಯಾಸದಲ್ಲಿ. ಗಡಿನಾಡಿನವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಇಂಗ್ಲಿಷಿನ ಕೆ, ಸಿ, ಎನ್ ಕೀಲಿಗಳನ್ನು ಒತ್ತಿದರೆ ‘ಕಮಲ’ ಮೂಡುತ್ತದೆ. ಭಾಷೆಯನ್ನು ಮಲಯಾಳಕ್ಕೆ ಬದಲಿಸಿ ಅದೇ ಮೂರನ್ನು ಒತ್ತಿ, ಮಲಯಾಳ ಲಿಪಿಯಲ್ಲೂ ಕಮಲವೇ. ಪಂಚಾಯತಿಗೆ ಮಲಯಾಳದಲ್ಲಿ ಅರ್ಜಿ ಬರೆಯಬೇಕಾದಾಗ ಅವಳ ಬೆರಳು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಇದು ವಿಂಡೋಸಿನಲ್ಲೂ ಇದೆ. ಎರಡರಲ್ಲೂ ಭಾಷೆ ಬದಲಿಸಲು ವಿಂಡೋಸ್ ಚಿತ್ರದ ಕೀಲಿಯ ಜೊತೆ ಸ್ಪೇಸ್ ಒತ್ತಿದರಾಯಿತು.

ಇನ್ನು ಅಪ್ಪನ ಲ್ಯಾಪ್‌ಟಾಪ್. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಎಂದರೆ ಅದು ಕೇಳುವ ಟಿಪಿಎಂ 2.0 ಎಂಬ ಭದ್ರತೆಯ ಭಾಗ ಆ ಹಳೆಯ ಯಂತ್ರದಲ್ಲಿಲ್ಲ. ಬಿಸಾಡುವ ಮೊದಲು ನಾನು ಒಂದು ವಾರ ಅಪ್ಪನ ಪಕ್ಕ ಕೂತು ಸುಮ್ನೆ ನೋಡಿದೆ. ಅಡಿಕೆ ಧಾರಣೆ, ಬ್ಯಾಂಕಿನ ಖಾತೆ, ತಾಳಮದ್ದಳೆಯ ವಿಡಿಯೋ. ಎಲ್ಲವೂ ಬ್ರೌಸರಿನಲ್ಲೇ. ಸಹಕಾರಿ ಸಂಘದ ಗುಮಾಸ್ತರ ಹಾಗೆ ಲೆಕ್ಕಪತ್ರಕ್ಕೆ ಟ್ಯಾಲಿ ತಂತ್ರಾಂಶ ಬಳಸುವವರಾಗಿದ್ದರೆ ನಾನು ಲಿನಕ್ಸಿನ ಮಾತೇ ಎತ್ತುತ್ತಿರಲಿಲ್ಲ. ಟ್ಯಾಲಿ ವಿಂಡೋಸಿನದ್ದು.

ಲಿನಕ್ಸನ್ನು ಪೆನ್ ಡ್ರೈವಿನಿಂದಲೇ ಓಡಿಸಿ ನೋಡಬಹುದು, ಒಳಗಿನ ಡಿಸ್ಕನ್ನು ಮುಟ್ಟಬೇಕಾಗಿಲ್ಲ. ವೈಫೈ, ಪ್ರಿಂಟರ್, ಸ್ಪೀಕರ್ ಸರಿ ಇವೆಯೇ ಎಂದು ಹಾಗೆ ಪರೀಕ್ಷಿಸಿದೆ. ಫೈಲುಗಳನ್ನೆಲ್ಲ ಬೇರೆ ಕಡೆ ಇಟ್ಟ ಮೇಲೆ, ಕಡಿಮೆ ಮೆಮೊರಿಯಲ್ಲಿ ನಡೆಯುವ ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ ಇರುವ ಲಿನಕ್ಸ್ ಆವೃತ್ತಿ ಹಾಕಿದೆ. ಮೆನು, ಗಡಿಯಾರ ಇರುವ ಪರದೆಯ ಪಟ್ಟಿಯನ್ನು ವಿಂಡೋಸಿನಂತೆ ಕೆಳಗೆ ತಂದೆ. ಬ್ರೌಸರಿನ ಗುರುತನ್ನು ಮೊದಲು ಇದ್ದ ಎಡಮೂಲೆಯಲ್ಲೇ ಇಟ್ಟೆ, ಅಪ್ಪನ ಕೈ ಹೋಗುವುದು ಅಲ್ಲಿಗೇ.

ಮೊದಲ ದಿನ ಅಪ್ಪ ಕೇಳಿದ್ದು ಒಂದೇ: “ಗಡಿಯಾರದ ಅಕ್ಷರ ಸ್ವಲ್ಪ ದೊಡ್ಡದು ಮಾಡ್ಲಿಕ್ಕೆ ಆಗ್ತದಾ?” ವಿಂಡೋಸ್ 10ರಲ್ಲಿ ಅದೊಂದನ್ನೇ ದೊಡ್ಡದು ಮಾಡುವ ದಾರಿ ನನಗೆ ಸಿಕ್ಕಿರಲಿಲ್ಲ. ಇಲ್ಲಿ ಗಡಿಯಾರದ ಮೇಲೆ ಬಲಗಡೆಯ ಬಟನ್ ಒತ್ತಿ ಫಾಂಟಿನ ಅಳತೆ ಹೆಚ್ಚಿಸಿದೆ. ಅಪ್ಪ ಕನ್ನಡಕ ತೆಗೆದು ನೋಡಿದರು, “ಹಾಂ, ಕಾಣ್ತದೆ” ಎಂದು ಧಾರಣೆಯ ಪುಟ ತೆರೆದರು.