ಪಿಲಾತನ ಅಂಗಳದಲ್ಲಿ ಎಷ್ಟು ಜನ ಇದ್ದರು?

ಗುಡ್ ಫ್ರೈಡೆ ಹತ್ತಿರ ಬಂತೆಂದರೆ ಸೆಮಿನರಿಯ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆಯ, ಹುಡುಗರು ಪ್ರಸಂಗದ ಕರಡು ಹಿಡಿದು ಬರುತ್ತಾರೆ. ಒಳ್ಳೆ ಹುಡುಗರು, ಕಷ್ಟಪಟ್ಟು ಬರೆದಿರುತ್ತಾರೆ. ಆದರೆ ಒಂದು ಮಾತು ಎಲ್ಲಾದರೂ ನುಸುಳಿರುತ್ತದೆ: 'ಯೇಸುವನ್ನು ಕೊಂದ ಶಾಪ ಯೆಹೂದ್ಯರನ್ನು ಇವತ್ತಿಗೂ ಬಿಟ್ಟಿಲ್ಲ.' ಎಲ್ಲಿದೆಯಪ್ಪಾ ಇದು ಎಂದರೆ, "ಮತ್ತಾಯ 27:25, ಅಯ್ಯನವರೇ" ಎಂಬ ಉತ್ತರ ರೆಡಿ.

ಸರಿ, ಅದನ್ನೇ ನೋಡೋಣ. ಯೇಸುವಿನ ವಿಚಾರಣೆ ಮಾಡಿದ ರೋಮಿನ ಅಧಿಕಾರಿ ಪಿಲಾತ, ಈ ಸಾವಿಗೆ ನಾನು ಹೊಣೆಯಲ್ಲ ಎಂದು ಕೈ ತೊಳೆದುಕೊಳ್ಳುತ್ತಾನೆ. ಇವನ ರಕ್ತದ ಹೊಣೆ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ ಎಂದು ಜನ ಕೂಗುತ್ತಾರೆ. ಕೂಗಿದವರು ಯಾರು? ಒಂದು ಊರಿನಲ್ಲಿ, ಒಂದು ಬೆಳಿಗ್ಗೆ, ಆ ಅಧಿಕಾರಿಯ ಮುಂದೆ ಸೇರಿದ್ದ ಗುಂಪು. ಆಗ ಅಲೆಕ್ಸಾಂಡ್ರಿಯಾ, ರೋಮ್, ಬಾಬಿಲೋನಿಯಾದಲ್ಲೆಲ್ಲ ಯೆಹೂದ್ಯರಿದ್ದರು. ಅವರಿಗೆ ಸುದ್ದಿಯೂ ಗೊತ್ತಿರಲಿಲ್ಲ. ಶಿಲುಬೆಯ ಹತ್ತಿರ ನಿಂತು ಅತ್ತ ತಾಯಿ ಮರಿಯಳು ಯೆಹೂದ್ಯಳು. ಶಿಷ್ಯ ಪೇತ್ರ ಯೆಹೂದ್ಯ. ಯೇಸುವೂ ಯೆಹೂದ್ಯ! ಶಿಲುಬೆ ಶಿಕ್ಷೆ ಕೊಟ್ಟವನು ಪಿಲಾತ, ಮೊಳೆ ಹೊಡೆದವರು ಅವನ ಸಿಪಾಯಿಗಳು. ಇನ್ನು ಆ ಗುಂಪು ಏನೇ ಕೂಗಲಿ, ಹುಟ್ಟದ ಮರಿಮಕ್ಕಳ ಹೆಸರಿನಲ್ಲಿ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತೋಕೆ ಆಗುತ್ತಾ? ತಂದೆಯ ಪಾಪವನ್ನು ಮಗ ಹೊರಬೇಕಿಲ್ಲ ಅಂತ ಬೈಬಲಿನ ಹಳೆಯ ಒಡಂಬಡಿಕೆಯ ಯೆಹೆಜ್ಕೇಲ 18ರಲ್ಲಿ ಸ್ಪಷ್ಟವಾಗಿದೆ. ಅದನ್ನು ಮಾತ್ರ ಯಾರೂ ಕರಡಿನಲ್ಲಿ ಬರೆಯುವುದಿಲ್ಲ.

ಮತ್ತಾಯ ತನ್ನ ಸುವಾರ್ತೆಯಲ್ಲಿ ಈ ಮಾತು ಯಾಕೆ ಬರೆದ? ಖಚಿತವಾಗಿ ಹೇಳುವುದು ಕಷ್ಟ. ಉಳಿದ ಮೂರು ಸುವಾರ್ತೆಗಳಲ್ಲಿ ಇದು ಇಲ್ಲ. ಕ್ರಿ.ಶ. 70ರಲ್ಲಿ ರೋಮನ್ನರಿಂದ ಯೆರೂಸಲೇಮ್ ನಾಶವಾದ ಮೇಲೆ ಈ ಸುವಾರ್ತೆ ಬರೆದದ್ದು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 'ನಮ್ಮ ಮಕ್ಕಳು' ಎಂದರೆ ಆ ನಾಶ ಕಂಡ ತಲೆಮಾರು ಇರಬಹುದು. ಅದು ಯೇಸುವನ್ನು ನಂಬಿದ ಮತ್ತು ನಂಬದ ಯೆಹೂದ್ಯರೊಳಗಿನ ಜಗಳವಾಗಿತ್ತು. ಹೊರಗಿನವರ ಕೈಗೆ ಸಿಕ್ಕಿದ ಮೇಲೆ ದೊಣ್ಣೆಯಾಯಿತು.

ಕ್ರಿ.ಶ. 386-87ರಲ್ಲಿ ಅಂತಿಯೋಕ್ಯ ಪಟ್ಟಣದ ಪಾದ್ರಿ ಜಾನ್ ಕ್ರಿಸೋಸ್ಟಮ್ ಯೆಹೂದ್ಯರನ್ನು ಬೈದು ಸಾಲಾಗಿ ಪ್ರಸಂಗ ಮಾಡಿದ. ಕಾರಣ ಕೇಳಿದರೆ ನಗು ಬರುತ್ತೆ: ಅವನ ಸಭೆಯವರೇ ಹಬ್ಬಕ್ಕೆ ಯೆಹೂದ್ಯರ ಸಭಾಮಂದಿರಕ್ಕೆ ಹೋಗುತ್ತಿದ್ದರು! ಸಿಟ್ಟು ತನ್ನವರ ಮೇಲೆ, ಬೈಗುಳ ಪಕ್ಕದವರಿಗೆ. ಮುಂದೆ ನಡೆದದ್ದು ನಗುವಂಥದ್ದಲ್ಲ. 1096ರಲ್ಲಿ, ಕ್ರಿಸ್ತನ ಸೇಡು ತೀರಿಸುತ್ತೇವೆ ಎಂದು ಹೊರಟ ಕ್ರೈಸ್ತ ಧರ್ಮಯುದ್ಧದ (ಕ್ರುಸೇಡ್) ಗುಂಪುಗಳು ಜರ್ಮನಿಯ ವರ್ಮ್ಸ್, ಮೈಂಝ್ ಊರುಗಳ ಯೆಹೂದ್ಯರನ್ನು ಕೊಂದವು. 1543ರಲ್ಲಿ ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್, ಯೆಹೂದ್ಯರ ಸಭಾಮಂದಿರಗಳಿಗೆ ಬೆಂಕಿ ಇಡಿ ಎಂದು ಬರೆದ. ಪ್ರೊಟೆಸ್ಟೆಂಟರಾದ ನಾವು ಇದನ್ನು ಬೇಗ ದಾಟಿಬಿಡುತ್ತೇವೆ, ಅಲ್ವಾ?

ಜರ್ಮನಿಯ ಓಬರಾಮರ್‌ಗೌ ಹಳ್ಳಿಯವರು 1634ರಿಂದ ಯೇಸುವಿನ ಶ್ರಮೆಯ ನಾಟಕ ಆಡುತ್ತಿದ್ದಾರೆ. 1934ರಲ್ಲಿ ಹಿಟ್ಲರ್ ಬಂದು ನೋಡಿದ, ಮುಂದೆ ಹೊಗಳಿದ. ಆ 'ರಕ್ತದ ಹೊಣೆ'ಯ ಮಾತು ನಾಟಕದಿಂದ ಹೋಗಿದ್ದು 2000ದಲ್ಲಿ. ಆವತ್ತು ನಡೆದದ್ದನ್ನು ಎಲ್ಲ ಯೆಹೂದ್ಯರ ಮೇಲೆ ಹೊರಿಸಕೂಡದು ಎಂದು ವ್ಯಾಟಿಕನ್ 1965ರಲ್ಲೇ ಹೇಳಿತ್ತು.

ಹಾಗಂತ ನೀವು ವಚನವನ್ನೇ ಹಾರಿಸಿ ಓದಬೇಡಿ. ಪೂರ್ತಿ ಓದಿ. ಆಮೇಲೆ ಅಪೊಸ್ತಲರ ಕೃತ್ಯಗಳು 4:27 ತೆಗೆಯಿರಿ. ಅಲ್ಲಿ ಹೆರೋದ, ಪಿಲಾತ, ಅನ್ಯಜನರು, ಇಸ್ರಾಯೇಲ್ಯರು, ಎಲ್ಲರ ಹೆಸರೂ ಇದೆ. ಎರಡು ನಿಮಿಷ ಜಾಸ್ತಿ ಹಿಡಿಯುತ್ತೆ, ಅಷ್ಟೆ. ಬೇಕಾದರೆ ಒಂದು ಹಾಡು ಕಡಿಮೆ ಮಾಡಿ.